ಹುಳುಕಡ್ಡಿಯ ಹೊಸ ತಳಿ ಮತ್ತು ಸಾಕುಪ್ರಾಣಿಯ ಮೇಲಿನ ಅನುಮಾನ: ಭಾರತದ ಒಂದು ಪ್ರಕರಣ ಅಧ್ಯಯನ

ಕಳೆದ ಹತ್ತು ಹನ್ನೆರಡು ವರ್ಷಗಳಿಂದ, ಕರ್ನಾಟಕವೂ ಸೇರಿದಂತೆ ಭಾರತದ ಬಹುಪಾಲು ರಾಜ್ಯಗಳ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತಿದೆ. ತೊಡೆಸಂದಿನಲ್ಲಿ ಶುರುವಾದ ಕೆಂಪು ವರ್ತುಲ ಸೊಂಟಕ್ಕೆ, ಪೃಷ್ಠಕ್ಕೆ, ಹೊಟ್ಟೆಗೆ, ಕೆಲವರಲ್ಲಿ ಮುಖಕ್ಕೂ ಹಬ್ಬಿರುತ್ತದೆ. ರಾತ್ರಿಯ ನಿದ್ದೆ ಕೆಡುವಷ್ಟು ತುರಿಕೆ ಇರುತ್ತದೆ. ಗುಳಿಗೆ ನುಂಗುತ್ತಿರುವಷ್ಟು ದಿನ ತಗ್ಗಿದಂತೆ ಕಂಡು, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಮೊದಲಿಗಿಂತ ಜೋರಾಗಿ ಮರಳಿರುತ್ತದೆ. ಮನೆಯಲ್ಲಿ ಇನ್ನೊಬ್ಬರಿಗೋ ಇಬ್ಬರಿಗೋ ಅದೇ ತೊಂದರೆ ಇರುತ್ತದೆ. ಹಳೆಯ ಪಠ್ಯಪುಸ್ತಕಗಳು ಹುಳುಕಡ್ಡಿಯನ್ನು, ಅಂದರೆ ಗಜಕರ್ಣವನ್ನು, ಎರಡರಿಂದ ನಾಲ್ಕು ವಾರಗಳ ಔಷಧಿಗೆ ಬಗ್ಗುವ ಸಾಧಾರಣ ಕಾಯಿಲೆಯೆಂದು ವರ್ಣಿಸಿದ್ದವು. ಆ ವರ್ಣನೆಗೆ ಹೊಂದುವವರಿಗಿಂತ ಹೊಂದದವರ ಸಂಖ್ಯೆಯೇ ಹೆಚ್ಚಾದಾಗ, ಕಾಯಿಲೆ ಹಳೆಯದೇ ಆದರೂ ಅದನ್ನು ತರುತ್ತಿರುವ ಶಿಲೀಂಧ್ರ ಹಳೆಯದಲ್ಲವೇನೋ ಎಂಬ ಪ್ರಶ್ನೆ ಎದ್ದಿತು.

ಇಂಥ ರೋಗಿಯನ್ನು ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ "ಮನೆಯಲ್ಲಿ ನಾಯಿ, ಬೆಕ್ಕು ಸಾಕಿದ್ದೀರಾ?" ಎಂಬುದೂ ಒಂದು. ಪ್ರಶ್ನೆ ಸರಿಯಾದದ್ದೇ. ಆದರೆ "ಹೌದು" ಎಂಬ ಉತ್ತರ ಸಿಕ್ಕ ಕೂಡಲೇ ವಿಚಾರಣೆ ಅಲ್ಲಿಗೇ ನಿಂತುಬಿಡುವುದು, ಮನೆಯವರು ಯಾವ ಪರೀಕ್ಷೆಯನ್ನೂ ಮಾಡಿಸದೆ ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ ದೂರದ ಬಡಾವಣೆಯಲ್ಲಿ ಬಿಟ್ಟು ಬರುವುದು, ಅದಾದ ಮೇಲೂ ತುರಿಕೆ ನಿಲ್ಲದಿರುವುದು, ಇವು ನಮ್ಮ ಊರುಗಳಲ್ಲಿ ನಡೆಯುತ್ತಿರುವ ಸಂಗತಿಗಳು. ಪ್ರಾಣಿಗೆ ಆಗುವ ಅನ್ಯಾಯ ಒಂದು ಕಡೆಗಿರಲಿ, ಇದರಿಂದ ರೋಗಿಗೂ ಲಾಭವಿಲ್ಲ. ಯಾವ ತಳಿಯ ಶಿಲೀಂಧ್ರ ಎಂಬುದು ತಿಳಿಯದ ಹೊರತು ಸೋಂಕು ಎಲ್ಲಿಂದ ಬಂತು, ಯಾರಿಗೆ ಹೋಗುತ್ತದೆ, ಯಾವ ಗುಳಿಗೆ ಕೆಲಸ ಮಾಡುತ್ತದೆ ಎಂಬ ಮೂರರಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ ಎಂಬುದನ್ನು ಭಾರತದ ಈ ಪ್ರಕರಣ ತೋರಿಸಿಕೊಟ್ಟಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸಿಲ್ಲ.

ಶಿಲೀಂಧ್ರದ ನೆಲೆ

ಹುಳುಕಡ್ಡಿಗೂ ಹುಳುವಿಗೂ ಸಂಬಂಧವಿಲ್ಲ. ಚರ್ಮದ ಮೇಲ್ಪದರ, ಕೂದಲು ಮತ್ತು ಉಗುರುಗಳಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ಕರಗಿಸಿ ತಿಂದು ಬದುಕುವ ಶಿಲೀಂಧ್ರಗಳ ಒಂದು ದೊಡ್ಡ ಕುಟುಂಬ ಇದಕ್ಕೆ ಕಾರಣ. ಅವುಗಳಲ್ಲಿ ಕೆಲವು ಮಣ್ಣಿನಲ್ಲಿ ಉದುರಿದ ಕೂದಲು, ಗರಿ, ಗೊರಸಿನ ಚೂರುಗಳನ್ನು ಕೊಳೆಸಿಕೊಂಡು ಇರುತ್ತವೆ. ಕೆಲವು ಒಂದೊಂದು ಪ್ರಾಣಿಗೆ ಒಗ್ಗಿಕೊಂಡಿವೆ: ಬೆಕ್ಕಿಗೆ ಮೈಕ್ರೋಸ್ಪೋರಮ್ ಕ್ಯಾನಿಸ್, ದನಕರುಗಳಿಗೆ ಟ್ರೈಕೊಫೈಟಾನ್ ವೆರುಕೋಸಮ್, ಮುಳ್ಳುಹಂದಿಯ ಜಾತಿಯದೆಂದು ಜನ ಭಾವಿಸುವ ಪುಟ್ಟ ಹೆಡ್ಜ್‌ಹಾಗ್‌ಗೆ ಟ್ರೈಕೊಫೈಟಾನ್ ಎರಿನೇಸಿ. ಉಳಿದವು, ಟ್ರೈಕೊಫೈಟಾನ್ ರೂಬ್ರಮ್‌ನಂಥವು, ಮನುಷ್ಯನ ಚರ್ಮವನ್ನೇ ತವರು ಮಾಡಿಕೊಂಡಿವೆ.

ಈ ವಿಂಗಡಣೆಗೆ ಚಿಕಿತ್ಸೆಯ ದೃಷ್ಟಿಯಿಂದ ನೇರ ಅರ್ಥವಿದೆ. ಪ್ರಾಣಿಗೆ ಒಗ್ಗಿದ ಶಿಲೀಂಧ್ರ ಮನುಷ್ಯನ ಮೈಗೆ ಬಂದಾಗ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸಿ ಉಗ್ರವಾಗಿ ತಿರುಗಿಬೀಳುತ್ತದೆ. ಮಕ್ಕಳ ತಲೆಯಲ್ಲಿ ಕೀವು ತುಂಬಿ ಊದಿಕೊಂಡ ಮೆತ್ತನೆಯ ಗಡ್ಡೆಯಾಗುವುದು ಹೀಗೆ. ನೋಡಲು ಭಯವಾದರೂ ಅಂಥ ಸೋಂಕು ಸಾಮಾನ್ಯವಾಗಿ ಬಹುಕಾಲ ಉಳಿಯುವುದಿಲ್ಲ, ಮನುಷ್ಯರಿಂದ ಮನುಷ್ಯರಿಗೆ ಹಲವು ಸುತ್ತು ಹರಡುವುದೂ ಕಡಿಮೆ. ಮನುಷ್ಯನಿಗೇ ಒಗ್ಗಿದ ಶಿಲೀಂಧ್ರ ಇದಕ್ಕೆ ವಿರುದ್ಧ: ಹೆಚ್ಚು ಗದ್ದಲವೆಬ್ಬಿಸದೆ ವರ್ಷಗಟ್ಟಲೆ ಕುಳಿತಿರುತ್ತದೆ, ಟವೆಲು, ಹಾಸಿಗೆ, ಮೈಗೆ ಮೈ ಸೋಕುವುದರ ಮೂಲಕ ಮನೆಯಲ್ಲೇ ಸುತ್ತುತ್ತಿರುತ್ತದೆ.

ಒಂದೇ ಪ್ರಾಣಿಯ ಶಿಲೀಂಧ್ರದಲ್ಲೂ ತಳಿಗಳ ವ್ಯತ್ಯಾಸ ಎಷ್ಟು ಮುಖ್ಯ ಎಂಬುದು ಯುರೋಪಿನ ಗಿನಿಪಿಗ್‌ಗಳಲ್ಲಿ ಚೆನ್ನಾಗಿ ಕಂಡುಬಂದಿದೆ. ಜರ್ಮನಿಯಲ್ಲಿ 2010ರ ಆಚೀಚೆ ಮಕ್ಕಳಲ್ಲಿ ಉರಿಯೂತದ ಹುಳುಕಡ್ಡಿ ಹೆಚ್ಚಾಗತೊಡಗಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಮಾರಾಟವಾಗುವ ಗಿನಿಪಿಗ್‌ಗಳು. ಅವುಗಳಲ್ಲಿ ಅನೇಕವು ಹೊರಗೆ ಯಾವ ಲಕ್ಷಣವನ್ನೂ ತೋರದೆ ಟ್ರೈಕೊಫೈಟಾನ್ ಬೆನ್ಹಾಮಿಯೆ ಎಂಬ ಶಿಲೀಂಧ್ರವನ್ನು ಹೊತ್ತಿದ್ದವು. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಎರಡು ರೂಪಗಳಲ್ಲಿ ಬೆಳೆಯುತ್ತಿತ್ತು, ಒಂದು ಬಿಳಿ, ಇನ್ನೊಂದು ಹಳದಿ. 2020ರಲ್ಲಿ ಹಲವು ವಂಶವಾಹಿಗಳನ್ನು ಒಟ್ಟಿಗೆ ಹೋಲಿಸಿ ನೋಡಿದಾಗ ಯುರೋಪಿನ ಗಿನಿಪಿಗ್‌ಗಳ ಹಳದಿ ತಳಿಯೇ ಬೇರೆ, ಉತ್ತರ ಅಮೆರಿಕದ ನಾಯಿಗಳಲ್ಲಿ ಕಾಣುವ ತಳಿಯೇ ಬೇರೆ, ಜಪಾನಿನ ಮೊಲ ಮತ್ತು ಗಿನಿಪಿಗ್‌ಗಳದ್ದು ಪ್ರತ್ಯೇಕ ಪ್ರಭೇದವೇ ಎಂಬುದು ಗೊತ್ತಾಯಿತು. ಮೈಕ್ರೋಸ್ಪೋರಮ್ ಕ್ಯಾನಿಸ್‌ನ ಕತೆ ಇನ್ನೊಂದು ಬಗೆಯದು. ಲೋಕದ ಎಲ್ಲೆಡೆ ಸಿಗುವ ಅದರ ಮಾದರಿಗಳು ಹೆಚ್ಚುಕಡಿಮೆ ಒಂದೇ ಲಿಂಗಮಾದರಿಯವು. ಆದ್ದರಿಂದ ಕೂಡುವಿಕೆಯಿಲ್ಲದೆ, ತನ್ನ ಪ್ರತಿಗಳನ್ನೇ ತಾನು ಹುಟ್ಟಿಸುತ್ತ ಅದು ಮುಂದುವರಿದಿದೆ. ಹಾಗಿದ್ದರೂ ಡಿಎನ್‌ಎಯ ಪುನರಾವರ್ತಿತ ತುಣುಕುಗಳನ್ನು ಆಧರಿಸಿ 2007ರಲ್ಲಿ ನಡೆದ ಅಧ್ಯಯನವೊಂದು, ಬೆಕ್ಕು ನಾಯಿಗಳಲ್ಲಿರುವ ಎಲ್ಲ ತಳಿಗಳೂ ಮನುಷ್ಯನನ್ನು ಸಮನಾಗಿ ಕಾಡುವುದಿಲ್ಲ, ಮನುಷ್ಯರ ಸೋಂಕುಗಳಲ್ಲಿ ಬಹುಪಾಲು ಒಂದು ನಿರ್ದಿಷ್ಟ ಜೀನೋಟೈಪ್‌ನಿಂದಲೇ, ಅಂದರೆ ವಂಶವಾಹಿಗಳ ಒಂದೇ ಮಾದರಿಯಿಂದಲೇ, ಆಗಿವೆ ಎಂದು ತೋರಿಸಿತು.

ಭಾರತದ ಪ್ರಕರಣವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಶಿಲೀಂಧ್ರ ಒಂದು, ಹೆಸರು ಮೂರು

ದಶಕಗಳ ಕಾಲ ಭಾರತದ ಮೈ ಹುಳುಕಡ್ಡಿಗೆ ಮುಖ್ಯ ಕಾರಣ ಟ್ರೈಕೊಫೈಟಾನ್ ರೂಬ್ರಮ್ ಆಗಿತ್ತು. 2010ರ ದಶಕದ ನಡುವಿನ ಹೊತ್ತಿಗೆ ಆ ಸ್ಥಾನವನ್ನು ಮೆಂಟಾಗ್ರೊಫೈಟಿಸ್ ಗುಂಪಿಗೆ ಸೇರಿದ ಒಂದು ಶಿಲೀಂಧ್ರ ಆಕ್ರಮಿಸಿಕೊಳ್ಳುತ್ತ ಬಂತು. ಸಾಕುಪ್ರಾಣಿಯ ಮೇಲಿನ ಅನುಮಾನಕ್ಕೆ ಬಲ ಬಂದದ್ದು ಇಲ್ಲಿಯೇ. ಏಕೆಂದರೆ ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್ ಎಂದರೆ ಇಲಿ, ಮೊಲ, ಗಿನಿಪಿಗ್, ನಾಯಿ, ಬೆಕ್ಕುಗಳಿಂದ ಬರುವ ಸೋಂಕು ಎಂದೇ ವೈದ್ಯಕೀಯ ವಿದ್ಯಾರ್ಥಿಗಳು ಓದಿರುತ್ತಾರೆ. ಪ್ರಯೋಗಾಲಯದ ವರದಿಯಲ್ಲಿ ಆ ಹೆಸರು ಕಂಡರೆ ಮನೆಯ ಪ್ರಾಣಿಯತ್ತ ಬೆರಳು ಹೋಗುವುದು ಸಹಜ.

ವರದಿಯ ಹಿಂದಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಆ ಹೆಸರು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬುದು ತಿಳಿಯುತ್ತದೆ. ವರ್ತುಲದ ಮಧ್ಯಭಾಗದಲ್ಲಿ ಶಿಲೀಂಧ್ರ ಕಡಿಮೆ. ಉಬ್ಬಿದ ಅಂಚಿನಲ್ಲಿ ಹೆಚ್ಚು. ಆದ್ದರಿಂದ ತಂತ್ರಜ್ಞರು ಸ್ಪಿರಿಟ್ಟಿನಿಂದ ಜಾಗವನ್ನು ಒರೆಸಿ, ಅಂಚಿನಿಂದ ಮೊಂಡು ಬ್ಲೇಡಿನಲ್ಲಿ ಹೊಟ್ಟಿನಂಥ ಪುಡಿಯನ್ನು ಕೆರೆದುಕೊಳ್ಳುತ್ತಾರೆ. ಗಾಜಿನ ಪಟ್ಟಿಯ ಮೇಲೆ ಅದಕ್ಕೆ ಒಂದು ಹನಿ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಬಿಟ್ಟರೆ ಚರ್ಮದ ಕೋಶಗಳು ಮೆತ್ತಗಾಗಿ ತಿಳಿಯಾಗುತ್ತವೆ, ಅವುಗಳ ನಡುವೆ ಅಡ್ಡಗೋಡೆಗಳಿರುವ, ಕವಲೊಡೆದ, ತುಸು ಹಸಿರು ಛಾಯೆಯ ಎಳೆಗಳು ಹಾದುಹೋಗಿರುವುದು ಕಾಣುತ್ತದೆ. ಹುಳುಕಡ್ಡಿ ಹೌದೋ ಅಲ್ಲವೋ ಎಂಬುದು ಅಷ್ಟಕ್ಕೇ ತೀರ್ಮಾನವಾಗುತ್ತದೆ; ಯಾವ ಶಿಲೀಂಧ್ರ ಎಂಬುದು ತೀರ್ಮಾನವಾಗುವುದಿಲ್ಲ. ಉಳಿದ ಪುಡಿಯನ್ನು ಸಬೌರೋ ಅಗರ್ ಎಂಬ ಪೋಷಕ ಪದಾರ್ಥದ ತಟ್ಟೆಯಲ್ಲಿ ಬೆಳೆಸಿದಾಗ ವಾರ ಹತ್ತು ದಿನಗಳಲ್ಲಿ ಕೆನೆಬಿಳುಪಿನ, ಚಪ್ಪಟೆಯಾದ, ಹರಳು ಹರಳಾದ ಪುಡಿ ಹರಡಿದಂತಿರುವ ಬೆಳೆ ಬರುತ್ತದೆ. ಸೂಕ್ಷ್ಮದರ್ಶಕದಡಿ ಗೊಂಚಲುಗಟ್ಟಿದ ದುಂಡನೆಯ ಕಿರುಬೀಜಕಗಳು, ಸುರುಳಿ ಸುತ್ತಿದ ಎಳೆಗಳು, ಅಲ್ಲೊಂದು ಇಲ್ಲೊಂದು ಉದ್ದನೆಯ ಬಹುಕೋಶದ ಬೀಜಕಗಳು ಸಿಗುತ್ತವೆ. ಇಷ್ಟನ್ನು ನೋಡಿ ಅನುಭವಿಯಾದವರು "ಮೆಂಟಾಗ್ರೊಫೈಟಿಸ್ ಗುಂಪು" ಎಂದು ಬರೆಯಬಲ್ಲರು. ಮೊಲದಿಂದ ಬಂದ ತಳಿಗೂ ಪಕ್ಕದ ಮನೆಯವರಿಂದ ಬಂದ ತಳಿಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ.

ಆ ವ್ಯತ್ಯಾಸ ಇರುವುದು ಡಿಎನ್‌ಎಯಲ್ಲಿ. ರೈಬೋಸೋಮ್‌ಗೆ ಸಂಬಂಧಿಸಿದ ವಂಶವಾಹಿಗಳ ನಡುವೆ ಇರುವ ಐಟಿಎಸ್ ಎಂಬ ಭಾಗದ ಅಕ್ಷರಗಳನ್ನು ಓದಿ ಈ ಗುಂಪನ್ನು ಒಂದು, ಎರಡು ಎಂದು ರೋಮನ್ ಸಂಖ್ಯೆಗಳ ಜೀನೋಟೈಪ್‌ಗಳಾಗಿ ವಿಂಗಡಿಸಲಾಗಿದೆ. ಮೊದಲ ಎರಡು ಮನುಷ್ಯನ ಪಾದ ಮತ್ತು ಉಗುರಿಗೆ ಒಗ್ಗಿದ ಟ್ರೈಕೊಫೈಟಾನ್ ಇಂಟರ್‌ಡಿಜಿಟೇಲ್. ಮೂರರಿಂದ ಮುಂದಿನವು ಪ್ರಾಣಿಮೂಲದ ಮೆಂಟಾಗ್ರೊಫೈಟಿಸ್ ಎಂದು ಎಣಿಸಲಾಗಿತ್ತು. ಭಾರತದ ರೋಗಿಗಳಿಂದ ಬಂದ ಮಾದರಿಗಳು ಒಂದರ ಹಿಂದೆ ಒಂದರಂತೆ ಎಂಟನೆಯ ಜೀನೋಟೈಪ್‌ಗೆ ಸೇರಿದವು. ಅಂದರೆ ವಂಶಾವಳಿಯ ಪ್ರಕಾರ ಅದು ಪ್ರಾಣಿಮೂಲದ ಶಾಖೆಯಲ್ಲಿದೆ. ಆದರೆ ರೋಗಿಗಳಲ್ಲಿ ಬಹುಮಂದಿಯ ಮನೆಗಳಲ್ಲಿ ಸಾಕುಪ್ರಾಣಿಗಳೇ ಇಲ್ಲ, ಇರುವುದು ಅದೇ ಸೋಂಕಿರುವ ಗಂಡ, ಹೆಂಡತಿ, ಮಕ್ಕಳು, ಹಾಸ್ಟೆಲ್ಲಿನ ಕೊಠಡಿಯ ಜೊತೆಗಾರರು.

ಹೆಸರಿನ ಗೊಂದಲ ಈ ಪ್ರಕರಣವನ್ನು ಇನ್ನಷ್ಟು ಕಷ್ಟವಾಗಿಸಿತು. ಹುಳುಕಡ್ಡಿ ಶಿಲೀಂಧ್ರಗಳ ವರ್ಗೀಕರಣವನ್ನು 2017ರಲ್ಲಿ ದೊಡ್ಡದಾಗಿ ಪರಿಷ್ಕರಿಸಲಾಗಿತ್ತು. ಹಾಗಾಗಿ ಇದೇ ಭಾರತೀಯ ಶಿಲೀಂಧ್ರವನ್ನು 2018ರ ಪ್ರಬಂಧಗಳು ಇಂಟರ್‌ಡಿಜಿಟೇಲ್ ಎಂದು ಕರೆದವು, ಮರುವರ್ಷದವು ಮೆಂಟಾಗ್ರೊಫೈಟಿಸ್ ಎಂಟನೆಯ ಜೀನೋಟೈಪ್ ಎಂದು ಬರೆದವು. 2020ರಲ್ಲಿ ಜಪಾನಿನ ಸಂಶೋಧಕರು, ತಮ್ಮಲ್ಲಿಗೆ ಬಂದ ಒಬ್ಬ ನೇಪಾಳಿ ಮತ್ತು ಒಬ್ಬ ಭಾರತೀಯ ರೋಗಿಯಿಂದ ಪಡೆದ ಮಾದರಿಗಳನ್ನು ಆಧರಿಸಿ, ಇದು ಟೆರ್ಬಿನಾಫಿನ್ ಔಷಧಿಗೆ ಬಗ್ಗದ, ಮನುಷ್ಯನಿಗೇ ಒಗ್ಗಿದ ಪ್ರತ್ಯೇಕ ಪ್ರಭೇದವೆಂದು ಟ್ರೈಕೊಫೈಟಾನ್ ಇಂಡೋಟಿನಿಯೆ ಎಂಬ ಹೆಸರನ್ನು ಕೊಟ್ಟರು. ಒಂದು ದೇಶದ ಹೆಸರನ್ನು ರೋಗಕಾರಕಕ್ಕೆ ಅಂಟಿಸುವುದು ಸರಿಯೇ ಎಂಬ ಆಕ್ಷೇಪಣೆ ತಜ್ಞರ ನಡುವೆ ಇದೆ, ಅದು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಪ್ರತ್ಯೇಕ ಹೆಸರು ಬಂದದ್ದರಿಂದ ಒಂದು ಪ್ರಯೋಜನವಂತೂ ಆಯಿತು: ವರದಿಯಲ್ಲಿ ಹಳೆಯ ಹೆಸರನ್ನು ನೋಡಿ ಪ್ರಾಣಿಯನ್ನು ಹುಡುಕಿಕೊಂಡು ಹೋಗುವ ಅಭ್ಯಾಸಕ್ಕೆ ತಡೆ ಬಿತ್ತು.

ಪ್ರತ್ಯೇಕ ಎನ್ನಲು ಎರಡು ಗಟ್ಟಿ ಆಧಾರಗಳಿವೆ. ಮೆಂಟಾಗ್ರೊಫೈಟಿಸ್‌ನ ಪ್ರಾಣಿಮೂಲದ ತಳಿಗಳಲ್ಲಿ ಎರಡೂ ಲಿಂಗಮಾದರಿಗಳು ಸಿಗುತ್ತವೆ, ಅಂದರೆ ಅವುಗಳಲ್ಲಿ ಕೂಡುವಿಕೆ ಸಾಧ್ಯ. ಇಂಡೋಟಿನಿಯೆಯಲ್ಲಿ ಇದುವರೆಗೆ ಪರಿಶೀಲಿಸಿದ ಮಾದರಿಗಳು ಒಂದೇ ಲಿಂಗಮಾದರಿಯವು. ಎರಡನೆಯದು, ಭಾರತದ ಬೇರೆ ಬೇರೆ ರೋಗಿಗಳ ಮಾದರಿಗಳ ಇಡೀ ಜೀನೋಮನ್ನು ಓದಿ ಹೋಲಿಸಿದಾಗ ಕೋಟ್ಯಂತರ ಅಕ್ಷರಗಳಲ್ಲಿ ಕಂಡ ವ್ಯತ್ಯಾಸ ಕೆಲವೇ ಹತ್ತು ಅಕ್ಷರಗಳಷ್ಟು ಮಾತ್ರ. ಒಂದೇ ಅಚ್ಚಿನಲ್ಲಿ ಹೊಯ್ದ ಬೆಲ್ಲದಂತೆ, ಎಲ್ಲವೂ ಸ್ವಲ್ಪಕಾಲದ ಹಿಂದಿನ ಒಂದೇ ಮೂಲದ ಪ್ರತಿಗಳು. ಲಕ್ಷಾಂತರ ಮನೆಗಳಲ್ಲಿ ಲಕ್ಷಾಂತರ ಬೆಕ್ಕು ನಾಯಿಗಳಿಂದ ಬೇರೆ ಬೇರೆಯಾಗಿ ಬಂದ ಸೋಂಕಾಗಿದ್ದರೆ ಇಷ್ಟು ಏಕರೂಪತೆ ಇರಲು ಸಾಧ್ಯವಿರಲಿಲ್ಲ. ಇದು ಒಮ್ಮೆ ಮನುಷ್ಯನ ಚರ್ಮಕ್ಕೆ ಒಗ್ಗಿ, ಅಲ್ಲಿಂದ ಮುಂದೆ ಮನುಷ್ಯರಲ್ಲೇ ಕೈ ಬದಲಾಯಿಸುತ್ತ ಹೋದ ತಳಿ.

ಔಷಧಿ ಸೋತದ್ದೇಕೆ

ಟೆರ್ಬಿನಾಫಿನ್ 1990ರ ದಶಕದಿಂದ ಹುಳುಕಡ್ಡಿಯ ಮುಖ್ಯ ಗುಳಿಗೆ. ಶಿಲೀಂಧ್ರದ ಕೋಶಪೊರೆಗೆ ಎರ್ಗೋಸ್ಟೆರಾಲ್ ಬೇಕು. ಅದನ್ನು ತಯಾರಿಸುವ ದಾರಿಯಲ್ಲಿ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವ ಒಂದು ಹಂತವನ್ನು ನಿರ್ವಹಿಸುತ್ತದೆ. ಟೆರ್ಬಿನಾಫಿನ್ ಆ ಕಿಣ್ವದ ಒಂದು ಕುಳಿಯೊಳಗೆ ಕುಳಿತು ಅದರ ಕೆಲಸವನ್ನು ನಿಲ್ಲಿಸುತ್ತದೆ; ಎರ್ಗೋಸ್ಟೆರಾಲ್ ಇಲ್ಲದೆ ಪೊರೆ ಬಲಹೀನವಾಗುತ್ತದೆ, ಇತ್ತ ಬಳಕೆಯಾಗದ ಸ್ಕ್ವಾಲೀನ್ ಎಂಬ ಕಚ್ಚಾವಸ್ತು ಕೋಶದೊಳಗೆ ಸೇರಿಕೊಂಡು ವಿಷವಾಗುತ್ತದೆ. ಈ ಎರಡೇಟಿನಿಂದಾಗಿ ಶಿಲೀಂಧ್ರ ಸಾಯುತ್ತದೆ.

ಭಾರತದ ತಳಿಯಲ್ಲಿ ಕೆಟ್ಟದ್ದು ಆ ಕುಳಿಯ ಆಕಾರ. ಕಿಣ್ವದ 397ನೇ ಸ್ಥಾನದಲ್ಲಿ ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲ ಇರಬೇಕಾದ ಕಡೆ ಲ್ಯೂಸಿನ್ ಬಂದಿರುತ್ತದೆ, ಅಥವಾ 393ನೇ ಸ್ಥಾನದ ಲ್ಯೂಸಿನ್ ಹೋಗಿ ಫಿನೈಲ್‌ಅಲನಿನ್ ಇಲ್ಲವೇ ಸೆರಿನ್ ಬಂದಿರುತ್ತದೆ. ಪ್ರೋಟೀನಿನ ಒಂದೇ ಒಂದು ಮಣಿ ಬದಲಾದರೂ ಔಷಧಿ ಕುಳಿತುಕೊಳ್ಳುವ ಜಾಗ ಇಲ್ಲವಾಗುತ್ತದೆ, ಕಿಣ್ವ ಮಾತ್ರ ತನ್ನ ಕೆಲಸವನ್ನು ಮುಂದುವರಿಸುತ್ತದೆ. ದೆಹಲಿಯಿಂದ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಾದರಿಗಳು ಹೀಗೆ ಪ್ರತಿರೋಧ ಪಡೆದಿದ್ದವು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಸಂಶೋಧಕರೂ ಅದೇ ವರ್ಷ ಅದೇ ವಂಶವಾಹಿಯ ಮಾರ್ಪಾಡುಗಳನ್ನು ವರದಿ ಮಾಡಿದರು. 2020ರ ಬಹುಕೇಂದ್ರ ಅಧ್ಯಯನದ ಹೊತ್ತಿಗೆ ಪ್ರತಿರೋಧದ ಪ್ರಮಾಣ ಶೇಕಡ 70ರ ಆಸುಪಾಸಿಗೆ ಏರಿತ್ತು. ಟೆರ್ಬಿನಾಫಿನ್‌ಗೆ ಪ್ರತಿರೋಧ ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ, 2003ರಲ್ಲಿಯೇ ರೂಬ್ರಮ್‌ನ ಒಂದು ಮಾದರಿಯಲ್ಲಿ ಅದು ದಾಖಲಾಗಿತ್ತು. ಆದರೆ ಅದು ಅಪರೂಪದ ಕುತೂಹಲವಾಗಿ ಉಳಿದಿತ್ತು. ಇಲ್ಲಿ ಅದು ದಿನನಿತ್ಯದ ಚಿಕಿತ್ಸೆಯ ಸೋಲಾಯಿತು.

ಇಲ್ಲಿಯೂ ತಳಿಯ ಒಳಗಿನ ವ್ಯತ್ಯಾಸವನ್ನು ಮರೆಯುವಂತಿಲ್ಲ. ಇಂಡೋಟಿನಿಯೆ ಎಂದರೆ ಪ್ರತಿರೋಧಿ ಎಂದೇ ಅರ್ಥವಲ್ಲ. 448ನೇ ಸ್ಥಾನದಲ್ಲಿ ಮಾತ್ರ ಬದಲಾವಣೆ ಇರುವ ಮಾದರಿಗಳು ಟೆರ್ಬಿನಾಫಿನ್‌ಗೆ ಈಗಲೂ ಬಗ್ಗುತ್ತವೆ, ಯಾವ ಬದಲಾವಣೆಯೂ ಇಲ್ಲದವೂ ಇವೆ. ಇಟ್ರಾಕೊನಜೋಲ್ ಮತ್ತು ಅದರ ಬಳಗದ ಔಷಧಿಗಳು ಬೇರೆ ಕಿಣ್ವದ ಮೇಲೆ ಕೆಲಸ ಮಾಡುವುದರಿಂದ ಟೆರ್ಬಿನಾಫಿನ್ ಸೋತ ಕಡೆ ಅವನ್ನು ಬಳಸಲಾಗುತ್ತಿದೆ. ಆದರೆ ಆ ಕಿಣ್ವದ ವಂಶವಾಹಿಯ ಪ್ರತಿಗಳನ್ನೇ ಹೆಚ್ಚಿಸಿಕೊಂಡು ಅವುಗಳಿಂದಲೂ ತಪ್ಪಿಸಿಕೊಳ್ಳುವ ತಳಿಗಳು ಇದೇ ಶಿಲೀಂಧ್ರದಲ್ಲಿ ವರದಿಯಾಗಿವೆ. ಆದ್ದರಿಂದ ಒಬ್ಬ ರೋಗಿಗೆ ಯಾವ ಗುಳಿಗೆ, ಎಷ್ಟು ವಾರ ಎಂಬುದನ್ನು ಪಕ್ಕದವರ ಚೀಟಿ ನೋಡಿ ನಿರ್ಧರಿಸಲಾಗದು. ಇಟ್ರಾಕೊನಜೋಲ್ ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳುಗಳ ಸಂಖ್ಯೆ ಮತ್ತು ಗಾತ್ರ ತಯಾರಕರಿಂದ ತಯಾರಕರಿಗೆ ತುಂಬ ವ್ಯತ್ಯಾಸವಾಗುತ್ತದೆ, ಅದರಿಂದ ರಕ್ತಕ್ಕೆ ಸೇರುವ ಪ್ರಮಾಣವೂ ಬದಲಾಗಬಹುದು ಎಂದು ನಮ್ಮ ಚರ್ಮರೋಗ ತಜ್ಞರು ಗಮನ ಸೆಳೆದಿರುವುದನ್ನೂ ಇಲ್ಲಿ ಹೇಳಬೇಕು.

ಮುಲಾಮಿನ ಪಾತ್ರ

ತಳಿ ಹುಟ್ಟಿದ್ದು ಆಕಸ್ಮಿಕವಿರಬಹುದು. ಅದು ಈ ಪರಿ ಹಬ್ಬಲು ನೆಲ ಹದಮಾಡಿಕೊಟ್ಟದ್ದರಲ್ಲಿ ಮೆಡಿಕಲ್ ಶಾಪಿನ ಕೌಂಟರಿನ ಪಾಲು ದೊಡ್ಡದು. ತುರಿಕೆ ಎಂದು ಹೇಳಿದ ತಕ್ಷಣ ಚೀಟಿಯಿಲ್ಲದೆ ಕೈಗೆ ಬರುವ ಟ್ಯೂಬಿನ ಹಿಂಬದಿಯನ್ನು ಓದಿ ನೋಡಿ: ಒಂದು ಶಿಲೀಂಧ್ರನಾಶಕ, ಒಂದು ಅಥವಾ ಎರಡು ಬ್ಯಾಕ್ಟೀರಿಯಾ ನಾಶಕಗಳು, ಅವುಗಳ ಜೊತೆಗೆ ಕ್ಲೊಬೆಟಾಸೋಲ್ ಅಥವಾ ಬೀಟಾಮೆಥಾಸೋನ್. ಕೊನೆಯವೆರಡು ಸ್ಟೀರಾಯ್ಡ್‌ಗಳು, ಅದರಲ್ಲೂ ಕ್ಲೊಬೆಟಾಸೋಲ್ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ತೀಕ್ಷ್ಣವಾದದ್ದು. ಹಚ್ಚಿದ ಎರಡನೇ ದಿನಕ್ಕೇ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ಹಚ್ಚಿದವರಿಗೆ ಗುಣವಾಯಿತೆಂಬ ನಂಬಿಕೆ ಬರುತ್ತದೆ. ನಿಜವಾಗಿ ಆದದ್ದು, ಶಿಲೀಂಧ್ರವನ್ನು ಹೊರದಬ್ಬಲು ಚರ್ಮ ನಡೆಸುತ್ತಿದ್ದ ಹೋರಾಟವೇ ನಿಂತುಹೋದದ್ದು. ತಡೆಯಿಲ್ಲದ ಶಿಲೀಂಧ್ರ ಅಗಲವಾಗಿ ಹರಡುತ್ತದೆ. ಜೊತೆಗಿರುವ ಶಿಲೀಂಧ್ರನಾಶಕ ಅರೆಬರೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ತಾಗುತ್ತಿದ್ದು, ಅದಕ್ಕೆ ಸಾಯದ ತಳಿಗಳನ್ನು ಆಯ್ದು ಉಳಿಸುತ್ತದೆ.

ಇದರ ಗುರುತು ಚರ್ಮದ ಮೇಲೆ ಓದಲು ಬರುವಂತಿರುತ್ತದೆ. ಸಾಮಾನ್ಯ ಹುಳುಕಡ್ಡಿಯಲ್ಲಿ ಅಂಚು ಉಬ್ಬಿ, ನಡು ತಿಳಿಯಾದ ಒಂದೇ ವರ್ತುಲ ಇರುತ್ತದೆ. ಸ್ಟೀರಾಯ್ಡ್ ಹಚ್ಚುತ್ತ, ಬಿಡುತ್ತ, ಮತ್ತೆ ಹಚ್ಚುತ್ತ ಬಂದವರಲ್ಲಿ ವರ್ತುಲದೊಳಗೆ ಇನ್ನೊಂದು ವರ್ತುಲ, ಅದರೊಳಗೆ ಮತ್ತೊಂದು ಮೂಡಿರುತ್ತದೆ. ಪ್ರತಿ ಬಾರಿ ಮುಲಾಮು ನಿಂತಾಗ ಶಿಲೀಂಧ್ರ ಹೊಸದಾಗಿ ಎದ್ದ ದಾಖಲೆ ಅದು. ತೊಡೆಸಂದಿನ ಚರ್ಮ ತೆಳುವಾಗಿ, ಗರ್ಭಿಣಿಯರ ಹೊಟ್ಟೆಯ ಮೇಲಿನಂಥ ಬಿಳಿಯ ಅಗಲ ಗೆರೆಗಳು ಬಿದ್ದಿರುತ್ತವೆ. ಆ ಗೆರೆಗಳು ಶಿಲೀಂಧ್ರ ಹೋದ ಮೇಲೂ ಹೋಗುವುದಿಲ್ಲ. ಹದಿನೆಂಟು ಇಪ್ಪತ್ತು ವರ್ಷದ ಹುಡುಗ ಹುಡುಗಿಯರ ಮೈಮೇಲೆ ಇವನ್ನು ನೋಡುವಾಗ ಆಗುವ ಸಂಕಟ, ಒಂದು ಟ್ಯೂಬಿನ ಮಾರಾಟದ ಲಾಭದೆದುರು ಯಾವ ಲೆಕ್ಕಕ್ಕೂ ಬಂದಿಲ್ಲ ಎಂಬುದು ನನಗೆ ಸಹಿಸಲಾಗದ ಸಂಗತಿ. ಭಾರತೀಯ ಚರ್ಮರೋಗ ತಜ್ಞರ ಸಂಘ ಇದರ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ರಚಿಸಿ ದನಿಯೆತ್ತಿತು, 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕೌಂಟರಿನಲ್ಲಿ ಆ ನಿಯಮ ಎಷ್ಟು ಪಾಲನೆಯಾಗುತ್ತಿದೆ ಎಂಬುದು ಔಷಧಿ ಅಂಗಡಿಗೆ ಹೋಗಿ ಬಂದವರಿಗೆಲ್ಲ ಗೊತ್ತು.

ಹವೆಯೂ ಉಡುಪೂ ತಮ್ಮ ಪಾಲು ಸೇರಿಸಿವೆ. ಬೆವರನ್ನು ಹೀರದ ಬಿಗಿಯಾದ ಜೀನ್ಸ್, ಲೆಗ್ಗಿಂಗ್ಸ್, ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಒಣಗದೆ ಅರೆತೇವದಲ್ಲೇ ಮೈಗೇರುವ ಒಳಉಡುಪು, ಎಲ್ಲರ ಬಟ್ಟೆಯನ್ನೂ ತಣ್ಣೀರಿನಲ್ಲಿ ಒಟ್ಟಿಗೆ ತಿರುಗಿಸುವ ವಾಷಿಂಗ್ ಮೆಷಿನ್. ಸುಮಾರು 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ಹುಳುಕಡ್ಡಿಯ ಬೀಜಕಗಳು ಸಾಯುತ್ತವೆ, ತಣ್ಣೀರಿನಲ್ಲಿ ಸಾಯುವುದಿಲ್ಲ.

ಗಡಿ ದಾಟಿದ ತಳಿ

2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನ್ಯೂಯಾರ್ಕ್ ನಗರದ ಇಬ್ಬರು ಮಹಿಳೆಯರ ವಿವರಗಳನ್ನು ಪ್ರಕಟಿಸಿತು. ಆ ದೇಶದಲ್ಲಿ ಇಂಡೋಟಿನಿಯೆಯ ಮೊದಲ ವರದಿ ಅದು. ಒಬ್ಬರಿಗೆ ಬಾಂಗ್ಲಾದೇಶದಲ್ಲಿದ್ದಾಗ ಶುರುವಾಗಿತ್ತು, ಅವರ ಮನೆಯವರಿಗೂ ಅಂಥದೇ ಗಾಯಗಳಿದ್ದವು. ಇನ್ನೊಬ್ಬರು ಗರ್ಭಿಣಿ, ಇತ್ತೀಚೆಗೆ ವಿದೇಶಕ್ಕೆ ಹೋಗಿ ಬಂದವರಲ್ಲ. ಅಂದರೆ ತಳಿ ಅಲ್ಲಿಯೇ ಸ್ಥಳೀಯವಾಗಿ ಹರಡಲು ತೊಡಗಿರಬಹುದು ಎಂಬ ಸೂಚನೆ. ಇಬ್ಬರಲ್ಲೂ ಟೆರ್ಬಿನಾಫಿನ್ ಫಲ ಕೊಡಲಿಲ್ಲ. ಪ್ರಯೋಗಾಲಯ ಇಬ್ಬರ ಮಾದರಿಗಳನ್ನೂ ಮೊದಲು ಮೆಂಟಾಗ್ರೊಫೈಟಿಸ್ ಎಂದೇ ಗುರುತಿಸಿತ್ತು; ಡಿಎನ್‌ಎ ಓದಿದ ಮೇಲೆ ನಿಜ ತಿಳಿಯಿತು. ಸುಸಜ್ಜಿತ ವ್ಯವಸ್ಥೆಯಲ್ಲೇ ಹೀಗಾದರೆ, ಬೆಳೆಸುವ ಪರೀಕ್ಷೆಯೂ ಇಲ್ಲದ ತಾಲ್ಲೂಕು ಆಸ್ಪತ್ರೆಗಳಲ್ಲಿ ಎಷ್ಟು ತಪ್ಪಿಹೋಗುತ್ತಿರಬಹುದು ಎಂದು ಊಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಆದ್ಯತೆಯ ಶಿಲೀಂಧ್ರಗಳ ಪಟ್ಟಿಯಲ್ಲಿರುವ 19 ಹೆಸರುಗಳಲ್ಲಿ ಹುಳುಕಡ್ಡಿಯ ಒಂದು ಶಿಲೀಂಧ್ರವೂ ಇಲ್ಲ. ಪ್ರಾಣ ತೆಗೆಯುವ ಶಿಲೀಂಧ್ರಗಳಿಗೆ ಮೊದಲ ಸ್ಥಾನ ಸಿಗಬೇಕಾದದ್ದು ಸರಿ. ಆದರೆ ಕೆಲಸಕ್ಕೆ ಹೋಗಲಾಗದ, ಮದುವೆ ಮುಂದೂಡುವ, ಸಂಬಳದ ಭಾಗವನ್ನು ತಿಂಗಳು ತಿಂಗಳೂ ಗುಳಿಗೆಗೆ ಸುರಿಯುವ ಇಷ್ಟು ಜನರ ಕಷ್ಟಕ್ಕೆ ಆ ಪಟ್ಟಿಯಲ್ಲಿ ಜಾಗವಿರಬೇಕಿತ್ತು.

ಮನೆಯ ಪ್ರಾಣಿಯ ಬಗ್ಗೆ

ಹಾಗಾದರೆ ಬೆಕ್ಕು ನಾಯಿಗಳನ್ನು ಪೂರ್ತಿ ಮರೆತುಬಿಡಬಹುದೇ? ಇಲ್ಲ. ಮನುಷ್ಯನಿಗೆ ಒಗ್ಗಿದ್ದೆಂದು ತೀರ್ಮಾನವಾದ ಇಂಡೋಟಿನಿಯೆಯನ್ನು ಪ್ರಾಣಿಗಳಿಂದಲೂ ಪ್ರತ್ಯೇಕಿಸಿದ ವರದಿಗಳಿವೆ. ಅವನ್ನು ಓದುವಾಗ ಎಚ್ಚರ ಬೇಕು. ಸೋಂಕಿರುವ ಮನೆಯವರ ಹಾಸಿಗೆಯಲ್ಲೇ ಮಲಗುವ ನಾಯಿಯ ಮೈಮೇಲೆ ಆ ಶಿಲೀಂಧ್ರ ಸಿಕ್ಕರೆ, ಅದು ಕೊಟ್ಟದ್ದಕ್ಕಿಂತ ಪಡೆದುಕೊಂಡದ್ದಾಗಿರುವ ಸಾಧ್ಯತೆಯೇ ಹೆಚ್ಚು. ಮನುಷ್ಯನಿಂದ ಪ್ರಾಣಿಗೆ ಸೋಂಕು ಹೋಗುವ ಈ ದಾರಿಯನ್ನು ನಾವು ಯೋಚಿಸುವುದೇ ಕಡಿಮೆ.

ರೋಗಲಕ್ಷಣದಿಂದಲೂ ಒಂದಷ್ಟು ಸುಳಿವು ಸಿಗುತ್ತದೆ. ಮಗುವಿನ ತಲೆಯಲ್ಲಿ ಕೂದಲುದುರಿದ ತೇಪೆ, ಬೆಕ್ಕನ್ನು ಎತ್ತಿ ಅಪ್ಪಿಕೊಳ್ಳುವ ಕಡೆ, ಅಂದರೆ ಕುತ್ತಿಗೆ, ಕೆನ್ನೆ, ಮುಂಗೈಗಳ ಮೇಲೆ, ಹೊಸದಾಗಿ ಎದ್ದ ಕೆಲವೇ ವರ್ತುಲಗಳು, ಹೊಸದಾಗಿ ತಂದ ಬೆಕ್ಕಿನಮರಿ, ಇಷ್ಟಿದ್ದರೆ ಮೈಕ್ರೋಸ್ಪೋರಮ್ ಕ್ಯಾನಿಸ್‌ನ ಅನುಮಾನ ನ್ಯಾಯವಾದದ್ದು. ದೊಡ್ಡವರ ತೊಡೆಸಂದು ಮತ್ತು ಸೊಂಟದಲ್ಲಿ ತಿಂಗಳುಗಟ್ಟಲೆ ಇರುವ ಅಗಲವಾದ ಗಾಯ, ಗಂಡ ಹೆಂಡತಿ ಇಬ್ಬರಿಗೂ ಇದ್ದು ಬೆಕ್ಕಿನ ಮೈ ನುಣುಪಾಗಿದ್ದರೆ, ಬೆಕ್ಕನ್ನು ದೂಷಿಸಲು ಕಾರಣವಿಲ್ಲ. ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದರೆ ಕ್ಯಾನಿಸ್ ಸೋಂಕಿರುವ ಕೂದಲು ಸೇಬಿನ ಹಸಿರು ಬಣ್ಣದಲ್ಲಿ ಹೊಳೆಯುತ್ತದೆ, ಆದರೆ ಎಲ್ಲ ಪ್ರಕರಣಗಳಲ್ಲೂ ಅಲ್ಲ; ಮೆಂಟಾಗ್ರೊಫೈಟಿಸ್ ಗುಂಪಿನವು ಹೊಳೆಯುವುದೇ ಇಲ್ಲ. ಹಾಗಾಗಿ ದೀಪದಡಿ ಏನೂ ಕಾಣಲಿಲ್ಲ ಎಂಬುದು ಪ್ರಾಣಿಗೆ ಸೋಂಕಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳಂತೂ ಯಾವ ಲಕ್ಷಣವನ್ನೂ ತೋರದೆ ಬೀಜಕಗಳನ್ನು ಹೊತ್ತು ತಿರುಗಬಲ್ಲವು.

ಪರೀಕ್ಷೆ ಮಾಡಿಸುವುದು ಕಷ್ಟವಲ್ಲ. ಪಶುವೈದ್ಯರು ಒಂದು ಹೊಸ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಪ್ರಾಣಿಯ ಇಡೀ ಮೈಯನ್ನು, ಮುಖ್ಯವಾಗಿ ಮುಖ, ಕಿವಿ, ಪಂಜಗಳನ್ನು ಎರಡು ಮೂರು ನಿಮಿಷ ಬಾಚಿ, ಅದರ ಎಳೆಗಳನ್ನು ನೇರವಾಗಿ ಅಗರ್ ತಟ್ಟೆಯ ಮೇಲೆ ಒತ್ತುತ್ತಾರೆ. ಲಕ್ಷಣವಿಲ್ಲದ ಪ್ರಾಣಿಯಲ್ಲೂ ಶಿಲೀಂಧ್ರವಿದ್ದರೆ ಹೀಗೆ ಸಿಗುತ್ತದೆ. ಅದೇ ವಾರ ಮನೆಯವರ ಚರ್ಮದಿಂದ ಕೆರೆದ ಪುಡಿಯನ್ನೂ ಬೆಳೆಸಿ, ಎರಡೂ ತಟ್ಟೆಗಳ ಐಟಿಎಸ್ ಭಾಗವನ್ನು ಓದಿಸಿದರೆ ಮೂರು ಬಗೆಯ ಫಲಿತಾಂಶಗಳು ಬರಬಹುದು. ಬೆಕ್ಕಿನಲ್ಲಿ ಕ್ಯಾನಿಸ್, ಮನುಷ್ಯರಲ್ಲಿ ಇಂಡೋಟಿನಿಯೆ ಬಂದರೆ ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಮನೆಯಲ್ಲಿವೆ ಎಂದರ್ಥ. ಎರಡಕ್ಕೂ ಚಿಕಿತ್ಸೆ ಬೇಕು, ಆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಎರಡರಲ್ಲೂ ಕ್ಯಾನಿಸ್ ಬಂದರೆ ಬೆಕ್ಕಿನ ಚಿಕಿತ್ಸೆ, ಅದು ಮಲಗುವ ಜಾಗದ ಶುಚಿ, ಉದುರಿದ ಕೂದಲಿನ ವಿಲೇವಾರಿ ಇವೆಲ್ಲ ಮನುಷ್ಯರ ಚಿಕಿತ್ಸೆಯ ಭಾಗವೇ ಆಗುತ್ತವೆ, ಏಕೆಂದರೆ ಉದುರಿದ ಕೂದಲಿನಲ್ಲಿ ಬೀಜಕಗಳು ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಎರಡರಲ್ಲೂ ಇಂಡೋಟಿನಿಯೆ ಬಂದಾಗ ಮಾತ್ರ ಯಾರಿಂದ ಯಾರಿಗೆ ಎಂಬುದನ್ನು ಪ್ರಯೋಗಾಲಯ ಹೇಳಲಾರದು. ಈ ತಳಿಯ ಮಾದರಿಗಳ ನಡುವಿನ ವ್ಯತ್ಯಾಸ ಅಷ್ಟು ಕಡಿಮೆಯಿರುವುದರಿಂದ ಇಡೀ ಜೀನೋಮನ್ನು ಓದಿದರೂ ದಿಕ್ಕು ತಿಳಿಯುವುದು ಕಷ್ಟ. ಆಗ ಸ್ಕ್ವಾಲೀನ್ ಎಪಾಕ್ಸಿಡೇಸ್ ವಂಶವಾಹಿಯ 393 ಮತ್ತು 397ನೇ ಸ್ಥಾನಗಳಲ್ಲಿ ಏನಿದೆ ಎಂಬುದನ್ನು ನೋಡಿ ಔಷಧಿ ಆರಿಸಿ, ಗಾಯವಿರುವ ಮನೆಮಂದಿಗೆಲ್ಲ ಚರ್ಮರೋಗ ತಜ್ಞರಿಂದಲೂ ಪ್ರಾಣಿಗೆ ಪಶುವೈದ್ಯರಿಂದಲೂ ಒಂದೇ ಅವಧಿಯಲ್ಲಿ ಚಿಕಿತ್ಸೆ ಕೊಡಿಸಬೇಕು. ಗಾಯ ಮಾಸಿದರೆ ಸಾಲದು, ಮನುಷ್ಯರ ಚರ್ಮದಲ್ಲಿ ಎಳೆಗಳು ಕಾಣುತ್ತಿಲ್ಲವೆಂದು, ಪ್ರಾಣಿಯ ಬ್ರಷ್ ತಟ್ಟೆಯಲ್ಲಿ ಏನೂ ಬೆಳೆಯುತ್ತಿಲ್ಲವೆಂದು ಖಚಿತವಾಗುವವರೆಗೆ ಚಿಕಿತ್ಸೆಯನ್ನು ನಿಲ್ಲಿಸಬಾರದು.